ಲೈನ್‌ಮನ್ನನ ಭುಜಕ್ಕೆ ಕರೆಂಟು

ಐಮಂಗಲದ ಸುತ್ತಮುತ್ತ ಕಂಬ ಹತ್ತಿ ತಂತಿ ಎಳೆದ ಲೈನ್‌ಮನ್ ಜುಂಜಯ್ಯ ನಾನೇ. ಹಳ್ಳಿಗೆ ದೀಪ ಬಂದ ಹೊಸದರಲ್ಲಿ ಸ್ವಿಚ್ಚು ಮುಟ್ಟಲು ಅಂಜುವವರನ್ನು ಕಂಡರೆ ನನಗೆ ರೇಗುತ್ತಿತ್ತು. "ಹುಲಿ ಏನ್ರಿ ಅದು? ಮುಟ್ರಿ!" ಎಂದು ಗದರುತ್ತಿದ್ದೆ.

ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿಯಲ್ಲಿ ನನ್ನ ಎಡಭುಜದ ಕೀಲು ತಪ್ಪಿತು. ಕಂಬದಿಂದ ಬಿದ್ದಿದ್ದರೆ ಹೇಳಿಕೊಳ್ಳಲಾದರೂ ಮರ್ಯಾದೆಯಿತ್ತು. ನಮ್ಮದು ಕುರಿ ಸಾಕುವ ಮನೆತನ. ಹಟ್ಟಿಯಲ್ಲಿ ಟಗರಿನ ಕೊಂಬು ಹಿಡಿದು ಪೌರುಷ ತೋರಿಸಲು ಹೋದೆ. ಅದು ನನ್ನನ್ನು ಕಲ್ಲುಗೋಡೆಗೆ ಗುಮ್ಮಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೀಲು ಕೂಡಿಸಿದರೂ ತೋಳು ಮೇಲೇಳಲಿಲ್ಲ. ನರಕ್ಕೆ ಪೆಟ್ಟಾಗಿ ಮಾಂಸ ಸೊರಗಿದೆ, ಕರೆಂಟು ಕೊಟ್ಟು ಎಬ್ಬಿಸಬೇಕು ಎಂದರು ಡಾಕ್ಟರು. ತೋಳು ಏಳದಿದ್ದರೆ ಕಂಬದ ಕೆಲಸ ಹೋದ ಹಾಗೆಯೇ. ಆಫೀಸಿನ ಬಾಗಿಲು ಕಾಯುವುದೇ ಗತಿ. ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಆ ಆಸ್ಪತ್ರೆಯಲ್ಲಿ ಕರೆಂಟು ಕೊಡುವವರು ಶಿವಗಂಗಮ್ಮ. ಒದ್ದೆ ಬಟ್ಟೆ ಸುತ್ತಿದ ತಗಡನ್ನು ಭುಜಕ್ಕೆ ಕಟ್ಟಿ ಮಿಷನ್ನಿನ ಗುಂಡಿ ತಿರುಗಿಸಿದರೆ, ಇರುವೆ ಹರಿದಂತಾಗಿ ಮಾಂಸ ಎಗರುತ್ತಿತ್ತು. "ಅದರ ಜೊತೆ ನೀವೂ ಎತ್ರಿ" ಎನ್ನುತ್ತಿದ್ದರು. ಎತ್ತುವುದಿರಲಿ, ನಾನು ಅಯ್ಯಯ್ಯೋ ಎಂದು ಸ್ಟೂಲಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಒಂದು ದಿನ ಅವರು ಬಟ್ಟೆ ನೆನೆಸಲು ಹೋದಾಗ ಗೋಡೆಯ ಫ್ಯೂಸು ಚಟಪಟ ಎಂದಿತು. ಕಸುಬಿನವನ ಕೈ ಸುಮ್ಮನಿರುತ್ತದೆಯೇ? ಬಿಗಿ ಮಾಡೋಣವೆಂದು ಬಲಗೈಯಿಂದ ಕಿತ್ತೆ. ಕಿತ್ತ ಫ್ಯೂಸನ್ನು ಬೇರೆ ಯಾರೂ ಹಾಕಿಬಿಡದಂತೆ ಜೇಬಿಗಿಳಿಸುವುದು ನಮ್ಮವರ ರೂಢಿ. ಇಳಿಸಿದೆ. ಅಷ್ಟರಲ್ಲಿ ಶಿವಗಂಗಮ್ಮ ಬಂದು "ಕುಂತ್ಕಳ್ರಿ" ಎಂದರು. ಹೆದರಿಕೆಯಲ್ಲಿ ಫ್ಯೂಸು ಮರೆತೇ ಹೋಯಿತು.

ತಣ್ಣನೆಯ ಬಟ್ಟೆ ತಗಲಿದ್ದೇ ತಡ, ಕಣ್ಣು ಮುಚ್ಚಿ ಕಿರುಚಿದೆ.

"ಎತ್ರಿ!"

ಬೇಗ ಮುಗಿದರೆ ಸಾಕೆಂದು ಎತ್ತಿದೆ.

"ಇನ್ನೂ ಎತ್ರಿ!"

ಕಿರುಚುತ್ತಲೇ ಎತ್ತಿದೆ.

"ಜುಂಜಯ್ಯನೋರೇ, ಕೂಗಿದ್ದು ಸಾಕು. ಮಿಷನ್ನಿನ ದೀಪಾನೇ ಹತ್ತಿಲ್ಲ. ಕರೆಂಟೇ ಇಲ್ಲ."

ಕಣ್ಣು ಬಿಟ್ಟೆ. ನನ್ನ ಎಡಗೈ ಕಿವಿಯ ಮಟ್ಟದಲ್ಲಿ ನಿಂತಿತ್ತು.

"ಮತ್ತೆ ಇದನ್ನ ಎತ್ತಿದ್ಯಾರು?"

"ನೀವೇ ಕಣ್ರಿ."

ಸರದಿಗೆ ಕಾಯುತ್ತ ಕೂತಿದ್ದ ಅಷ್ಟು ಜನರೆದುರು ಕಿರುಚಿದ ನಾಚಿಕೆ ಒಂದು ಕಡೆ, ಸಂತೋಷ ಇನ್ನೊಂದು ಕಡೆ. ಎರಡೂ ಸೇರಿ ಅಳು ಬಂತು. ಶಿವಗಂಗಮ್ಮ ಬಾಗಿಲ ಕಡೆ ನಡೆದರು.

"ಇರ್ರಿ, ಯಾರಾದ್ರೂ ಲೈನ್‌ಮನ್ ಸಿಕ್ತಾನಾ ನೋಡ್ತೀನಿ."

ಕಣ್ಣೊರೆಸಲು ಕರ್ಚೀಫಿಗೆ ಜೇಬು ತಡಕಿದೆ. ಫ್ಯೂಸು ಕೈಗೆ ಸಿಕ್ಕಿತು.

"ತಡೀರಮ್ಮ, ಫ್ಯೂಸು ನನ್ತಾವೇ ಐತೆ, ಹಾಕ್ತೀನಿ. ಅದಕ್ಕೂ ಮುಂಚೆ ಇನ್ನೊಂದ್ಸಲ ಎತ್ತಿ ನೋಡ್ತೀನಿ."

ಎತ್ತಿದೆ. ಬಂತು.