ಸಾವಕಾಶ ಆಗ್ಲಿ

ಪುಣೆಯಲ್ಲಿ ಪಾರ್ಟಿಗಳಿಗೆ ಹಾಡು ಹಚ್ಚುವುದು ನನ್ನ ಕೆಲಸ. ಕುಣಿಯುವವರಿಗೆ ಏನು ಹಚ್ಚಿದರೂ ನಡೆಯುತ್ತದೆ. ತಲೆನೋವು ಊಟದ ಹೊತ್ತಿನದು.

ಮಗರಪಟ್ಟಾದ ಒಂದು ಹಾಲ್‌ನಲ್ಲಿ ಧಾರವಾಡ ಕಡೆಯ ದೇಸಾಯರ ಮಗಳ ನಿಶ್ಚಿತಾರ್ಥವಿತ್ತು. ಎಲೆ ಹಾಕುತ್ತಿದ್ದಂತೆ ನಾನು ಮೆಲ್ಲಗೆ ಕೊಳಲು ಹಚ್ಚಿದೆ. ದೇಸಾಯರು ಓಡಿಬಂದು ಕಿವಿಯಲ್ಲಿ ಹೇಳಿದರು: "ಇದನ್ನ ತಗೀರಿ. ಇದನ್ನ ಕೇಳ್ಕೋತ ಕೂತ್ರ ಮಂದಿ ಸಂಜಿಮಟ ಏಳೂದಿಲ್ಲ. ಮುಂದಿನ ಪಾರ್ಟಿಯವರು ಆಗಲೇ ಬಾಗಿಲದಾಗ ನಿಂತಾರ. ಜೋರ್ ಓಡೂದು ಏನರ ಹಚ್ರಿ."

ಢೋಲಕಿ ಹಚ್ಚಿದೆ. ಸ್ವಲ್ಪ ಹೊತ್ತಿಗೇ ಉಣ್ಣುವ ಕೈಗಳೆಲ್ಲ ತಾಳ ಹಿಡಿದವು. ಹಪ್ಪಳ ಕೂಡ ಲೆಕ್ಕ ತಪ್ಪದೆ ಮುರಿಯುತ್ತಿತ್ತು. ಬಡಿಸುವವರು ಸಾರಿನ ಬಕೆಟ್ ಹಿಡಿದು ಓಡತೊಡಗಿದರು. ದೇಸಾಯರು ಮಾತ್ರ ಕೈ ಮುಗಿಯುತ್ತ ಪಂಕ್ತಿಯುದ್ದಕ್ಕೂ, "ಸಾವಕಾಶ ಆಗ್ಲಿ, ಸಾವಕಾಶ ಆಗ್ಲಿ" ಎನ್ನುತ್ತಿದ್ದರು. ಮರಾಠಿ ಬೀಗರ ಮುಂದೆ ನಿಂತು ಅದನ್ನೇ ಮರಾಠಿಯಲ್ಲಿ ಹೇಳಿದರು.

ಕೈ ತೊಳೆಯಲು ಹೊರಟ ದೇಸಾಯರ ಅಕ್ಕ ನನ್ನ ಹತ್ತಿರ ನಿಂತರು. "ನಮ್ಮ ತಮ್ಮ ಭಾಳ ಶಾಣ್ಯಾ ಅದಾನ್ರಿ. ಬಾಯಿಲೆ ಕುಂದ್ರಸ್ತಾನ, ಹಾಡಿಲೆ ಎಬ್ಬಸ್ತಾನ."

ಕಡೆಯ ಪಂಕ್ತಿಯಲ್ಲಿ ನನಗೂ ಎಲೆ ಹಾಕಿದರು. ಬಿಸಿ ಹೋಳಿಗೆ, ಮೇಲೆ ತುಪ್ಪ. ಮೊದಲ ತುತ್ತು ಮುರಿಯುವಷ್ಟರಲ್ಲಿ ಢೋಲಕಿ ಇನ್ನೂ ಜೋರಾಯಿತು. ತಿರುಗಿ ನೋಡಿದರೆ ನನ್ನ ಮಷೀನಿನ ಹತ್ತಿರ ದೇಸಾಯರು ನಿಂತಿದ್ದರು.

"ಸಾವಕಾಶ ಆಗ್ಲಿ ರೀ," ಎಂದರು ನಗುತ್ತ.

ನನಗೆ ಮಾತ್ರ ಅವರು ಕೈ ಮುಗಿಯಲಿಲ್ಲ. ಒಂದು ಕೈ ವಾಲ್ಯೂಮ್ ಗುಂಡಿಯ ಮೇಲಿತ್ತು.