ಕಾಗೆಗಿಟ್ಟ ಪಿಂಡ

ಬಂಡೆಯ ಮೇಲಿಟ್ಟಿದ್ದ ಪಿಂಡವನ್ನು ನಮ್ಮ ನಾಯಿ ಗುಂಡ ಒಂದೇ ಬಾಯಿಗೆ ನುಂಗಿಬಿಟ್ಟ. ನ್ಯೂಜೆರ್ಸಿಯ ಬೆಟ್ಟದ ಮೇಲಿನ ಆ ಕೆರೆಗೆ ನಾನೂ ಗುಂಡನೂ ಬೆಳಗಿನಿಂದ ನಡೆದು ಬಂದಿದ್ದೆವು. ಇಷ್ಟು ದೂರ ಯಾರು ಬರುತ್ತಾರೆಂದು ಅವನ ಹಗ್ಗ ಬಿಚ್ಚಿದ್ದೆ. ಮರದಡಿ ಕಾಗೆಗಾಗಿ ಕಾಯುತ್ತ ಕೂತಿದ್ದ ಯಾರೋ ಅಪರಿಚಿತ ಅಂಕಲ್, ಆಂಟಿ ಗಾಬರಿಯಿಂದ ಎದ್ದರು.

ಕನ್ನಡದಲ್ಲೇ ಬೈಯುತ್ತ ಗುಂಡನಿಗೆ ಹೊಡೆಯಲು ಕೈ ಎತ್ತಿದೆ. ಆಂಟಿ ಓಡಿಬಂದು ನನ್ನ ಕೈ ಹಿಡಿದುಕೊಂಡರು.

“ಹೊಡೀಬೇಡಮ್ಮ. ನಮ್ಮ ಮಗ ಹೋದ ವರ್ಷ ಈ ಕೆರೇಲೇ ಮುಳುಗಿಹೋದ. ಚಿಕ್ಕೋನಿದ್ದಾಗ ನಾಯಿ ಬೇಕು ಅಂತ ಎಷ್ಟು ಅಳ್ತಿದ್ದ! ಅಪಾರ್ಟ್‌ಮೆಂಟಲ್ಲಿ ಬೇಡ ಅಂತ ನಾವೇ ತರಲಿಲ್ಲ.”

ಅಂಕಲ್ ನೀರಿನ ಕಡೆ ತಿರುಗಿಕೊಂಡರು.

ಸಂಜೆ ಬೆಟ್ಟ ಇಳಿದು ಕಾರು ಹತ್ತಿದಾಗ ಗುಂಡ ಎಂದಿನಂತೆ ನನ್ನ ಮುಖ ನೆಕ್ಕಿದ. ಅವನ ಬಾಯಿಂದ ಇನ್ನೂ ಎಳ್ಳಿನ ವಾಸನೆ ಬರುತ್ತಿತ್ತು. ಒರೆಸಿಕೊಳ್ಳಲು ಕೈ ಏಳಲಿಲ್ಲ.