ಮನೆಯಲ್ಲಿ ಕನ್ನಡ ಮಾತ್ರ

ಆಗ ಮೌಂಟನ್ ವ್ಯೂನಲ್ಲಿ ಎಲ್ಲರ ತಲೆಯಲ್ಲೂ ಒಂದೊಂದು ಸ್ಟಾರ್ಟಪ್ಪು ಓಡುತ್ತಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಾನು ನಡೆಸುತ್ತಿದ್ದ ಭಾನುವಾರದ ಕನ್ನಡ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ನನ್ನ ಐದು ವರ್ಷದ ಮಗಳೂ ಅಷ್ಟೇ.

ಆಫೀಸಿನಲ್ಲಿ ಪಕ್ಕದ ಸೀಟಿನವನು ಬ್ಯಾಂಕಾಕಿನವನು. ಊಟದ ಹೊತ್ತಿಗೆ ನಾನು ಈ ಗೋಳು ಹೇಳಿಕೊಂಡಾಗ ಅವನು ತನ್ನ ದೇಶದ ಒಬ್ಬ ಲೇಖಕನ ಕತೆ ತೆಗೆದ. ಸಿಯಾಮ್ ಎಂಬ ಹೆಸರು ಹೋಗಿ ಥಾಯ್ಲೆಂಡ್ ಆದ ಕಾಲದವನಂತೆ. ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದುಕೊಂಡೇ ನಾಟಕ, ಹಾಡು ಬರೆದು ನಾವೆಲ್ಲ ಥಾಯ್ ಎಂಬ ಹುರುಪನ್ನು ಜನರಿಗೆ ಹತ್ತಿಸಿದನಂತೆ. ಗೆಳೆಯ ಮೇಜು ಕುಟ್ಟುತ್ತ ಆ ಲೇಖಕನ ಒಂದು ಹಾಡನ್ನು ಹಾಡಿಯೂ ತೋರಿಸಿದ. ಕತೆ ಮುಗಿದಿರಲಿಲ್ಲ, ಮೀಟಿಂಗು ಅಂತ ನಾನು ಎದ್ದುಬಿಟ್ಟೆ. ಅರ್ಧ ಕೇಳಿ ಹಾರಾಡುವುದು ನನ್ನ ಹಳೇ ಚಾಳಿ.

ಅಂದೇ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದೆ: ಮನೆಯಲ್ಲಿ ಕನ್ನಡ ಮಾತ್ರ.

ಉಡುಪಿಯಿಂದ ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ನಮ್ಮ ಮನೆಮಾತು ತುಳು. ಮಗಳು ಡೇಕೇರಿನಿಂದ ಬಂದ ಕೂಡಲೇ ಅಮ್ಮ "ಒಣಸ್ ಆಂಡಾ?" ಎಂದು ಊಟ ವಿಚಾರಿಸಿ, ತೊಡೆಯ ಮೇಲೆ ಕೂರಿಸಿಕೊಂಡು ತುಳುವಿನಲ್ಲಿ ಏನೋ ಕತೆ ಶುರುಮಾಡುವಳು. ಮಗಳು ಬಿದ್ದು ಬಿದ್ದು ನಗುವಳು. ಒಂದು ಸಂಜೆ ನಾನು ನಡುವೆ ಬಾಯಿ ಹಾಕಿದೆ.

"ಅಮ್ಮಾ, ತುಳು ಬೇಡ. ಅವಳಿಗೆ ಕನ್‌ಫ್ಯೂಸ್ ಆಗತ್ತೆ. ಕನ್ನಡದಲ್ಲೇ ಹೇಳು."

"ನಂಗೆ ಕನ್ನಡದಲ್ಲಿ ಮುದ್ದು ಮಾಡ್ಲಿಕ್ಕೆ ಬರುದಿಲ್ಲ ಮಾರಾಯ," ಎಂದಳು ಅಮ್ಮ.

ಅಭ್ಯಾಸ ಆಗತ್ತೆ ಅಂದೆ. ಆಗಲಿಲ್ಲ. "ಊಟ ಆಯ್ತಾ?" ಎನ್ನುವಳು, ಮಗು ತಲೆಯಾಡಿಸಿದರೆ ಸುಮ್ಮನಾಗುವಳು. ಕತೆ ನಿಂತಿತು. ಮನೆ ಶಿಸ್ತಿಗೆ ಬಂತೆಂದು ನಾನು ಬೀಗಿದೆ. ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಮ್ಮ ಊರಿಗೆ ಹೋದಮೇಲೆ ಆ ಗೆಳೆಯನೆದುರು ಜಂಬ ಕೊಚ್ಚಿದೆ. ಅವನು ನಗಲಿಲ್ಲ. ಅಂದು ನಾನು ಕೇಳದೆ ಎದ್ದುಹೋದ ಉಳಿದರ್ಧವನ್ನು ಹೇಳಿದ. ಅವನ ಅಜ್ಜಿ ಚೀನೀ ಮಾತಿನವಳು. ಚೀನೀ ಮಾತಾಡಿದವರನ್ನು ಜನ ಅನುಮಾನದಿಂದ ನೋಡುತ್ತಿದ್ದ ಆ ಹುರುಪಿನ ದಿನಗಳಲ್ಲಿ ಅವಳ ಮಕ್ಕಳೇ ಅಳುಕಿ ಥಾಯ್ ಮಾತಾಡು ಎಂದರು. ಅವಳು ಮಾತನ್ನೇ ಬಿಟ್ಟಳು. ಆ ಲೇಖಕನ ಹಾಡುಗಳೆಲ್ಲ ನನಗೆ ಬಾಯಿಪಾಠ ಇವೆ, ಅಜ್ಜಿಯ ದನಿ ಹೇಗಿತ್ತೆಂದು ಗೊತ್ತಿಲ್ಲ ಎಂದ.

ಮನೆಗೆ ಬಂದವನೇ ಚೀಟಿ ಕಿತ್ತೆ. ಊರಿಗೆ ಫೋನು ಮಾಡಿ, ತುಳುವಿನಲ್ಲೇ ಮಾತಾಡಮ್ಮಾ ಎಂದು ಮಗಳ ಕೈಗೆ ಕೊಟ್ಟೆ. ಅಮ್ಮ ಕನ್ನಡದಲ್ಲೇ ಎರಡು ಮಾತಾಡಿ ಇಟ್ಟಳು. ಮರುವರ್ಷ ತೀರಿಕೊಂಡಳು.

ಮಗಳು ಈಗ ದೊಡ್ಡವಳು. ಅಜ್ಜಿಯ ತೊಡೆಯ ಮೇಲೆ ಕೂತು ನಕ್ಕದ್ದು ಅವಳಿಗೆ ನೆನಪಿದೆ. "ಅದು ಯಾವ ಸ್ಟೋರಿ ಅಪ್ಪಾ?" ಎಂದು ಮೊನ್ನೆ ಕೇಳಿದಳು. ನಾನು ಅದೇ ಕೋಣೆಯಲ್ಲಿದ್ದೆ. ಅಮ್ಮ ಏನು ಹೇಳುತ್ತಿದ್ದಾಳೆಂದು ಕೇಳಿಸಿಕೊಂಡಿರಲಿಲ್ಲ. ಯಾವ ಭಾಷೆಯಲ್ಲಿ ಹೇಳುತ್ತಿದ್ದಾಳೆ ಎಂಬುದನ್ನಷ್ಟೇ ಕೇಳಿಸಿಕೊಂಡಿದ್ದೆ.